ಮಹಿಳಾ ಸಮಾಜದ ಹಳೇ ಕಟ್ಟಡ: ಸುಣ್ಣ ಹೋಗಿ ಸಿಮೆಂಟ್ ಬಂದ ಮೇಲೆ

ಹಾಸನ, ಚಿಕ್ಕಮಗಳೂರು ಕಡೆಯ ಊರುಗಳಲ್ಲಿ ಹಳೇ ಹೆಂಚಿನ ಕಟ್ಟಡದಲ್ಲಿ ನಡೆಯುವ ಮಹಿಳಾ ಸಮಾಜಗಳ ಸಮಿತಿಗೆ ಜುಲೈ ಬಂತೆಂದರೆ ಚರ್ಚೆಗೆ ಒಂದೇ ವಿಷಯ: ರಿಪೇರಿ ಮಾಡಿಸುವುದೋ, ಕೆಡವಿ ಆರ್‌ಸಿಸಿ ಕಟ್ಟುವುದೋ. ಗೋಡೆ ಸೊಂಟದ ಎತ್ತರದವರೆಗೆ ಉಬ್ಬಿ ಉದುರುತ್ತಿರುತ್ತದೆ, ವೇದಿಕೆಯ ಮೇಲೆ ಬಕೆಟ್ ಇಟ್ಟಿರುತ್ತಾರೆ, ಹೊಲಿಗೆ ಕೋಣೆಯ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿರುತ್ತದೆ. ನೋಡಲು ಬಂದವರು ಕಟ್ಟಡಕ್ಕೆ ವಯಸ್ಸಾಯಿತು ಎಂದು ಹೇಳಿ ಹೋಗುತ್ತಾರೆ. ವಯಸ್ಸಿಗಿಂತ ಹೆಚ್ಚಾಗಿ ಇವುಗಳನ್ನು ಕೆಡಿಸಿದ್ದು ಕಳೆದ ನಲವತ್ತು ವರ್ಷಗಳ ರಿಪೇರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದು ಅರ್ಥವಾಗಬೇಕಾದರೆ ಸಮಾಜದ ಚಟುವಟಿಕೆ ಬದಲಾದ ಬಗೆಯನ್ನೂ ಗೋಡೆ ಬದಲಾದ ಬಗೆಯನ್ನೂ ಜೊತೆಯಲ್ಲೇ ನೋಡಬೇಕು.

ಮೈಸೂರು ಸಂಸ್ಥಾನದಲ್ಲಿ ಹೆಣ್ಣುಮಕ್ಕಳ ಸಂಘಟನೆಗೆ ನೆಲ ಹದವಾದದ್ದು ನಿಧಾನವಾಗಿ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. 1904ರಲ್ಲಿ ಸಂಘಸಂಸ್ಥೆಗಳ ನೋಂದಣಿಗೆ ಸಂಸ್ಥಾನದ್ದೇ ಕಾನೂನು ಬಂತು. 1913ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿತು. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಸೇರಿತು. ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಮೈಸೂರು ಸರ್ಕಾರ 1933ರಲ್ಲೇ ಕಾಯ್ದೆ ಮಾಡಿತು. ಈ ಗಾಳಿ ಜಿಲ್ಲಾ ಕೇಂದ್ರಗಳಿಗೂ ಬೀಸಿತು. ಹಾಸನದಲ್ಲೂ, 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಜಿಲ್ಲೆಯ ಕೇಂದ್ರವಾದ ಚಿಕ್ಕಮಗಳೂರಿನಲ್ಲೂ ಅಧಿಕಾರಿಗಳ, ವಕೀಲರ, ಕಾಫಿ ತೋಟದವರ ಮನೆಯ ಹೆಂಗಸರು ಸೇರಲು ಒಂದು ಜಾಗ ಬೇಕಾಗಿತ್ತು. ಇಂಥ ಸಂಘಗಳಲ್ಲಿ ಹಲವೆಡೆ ಜಿಲ್ಲಾಧಿಕಾರಿಗಳ ಪತ್ನಿಯೇ ಪದನಿಮಿತ್ತ ಅಧ್ಯಕ್ಷೆ. ಜಾಗ ಮಂಜೂರಾಗಲು ಅದರಿಂದ ಅನುಕೂಲವಾಯಿತು. ವರ್ಗಾವಣೆಯಾದಾಗಲೆಲ್ಲ ಅಧ್ಯಕ್ಷೆ ಬದಲಾಗಿ, ಕಾಗದಪತ್ರ ಯಾರ ಬೀರುವಿನಲ್ಲಿದೆ ಎಂಬುದೇ ತಿಳಿಯದಂತಾಗಿ ಅನನುಕೂಲವೂ ಆಯಿತು.

ಸಮಾಜದ ಹೊತ್ತು ಸಾಮಾನ್ಯವಾಗಿ ಮಧ್ಯಾಹ್ನ ಮೂರರಿಂದ ಐದೂವರೆ. ಮನೆಯ ಊಟದ ಕೆಲಸ ಮುಗಿದಿರಬೇಕು, ದೀಪ ಹಚ್ಚುವ ಹೊತ್ತಿಗೆ ವಾಪಸಾಗಬೇಕು. ಹೊಲಿಗೆ, ಕಸೂತಿ, ಸಂಗೀತ, ಹಿಂದಿ ಪಾಠ, ಪತ್ರಿಕೆ ಓದು, ಹಿಂದಿನ ಅಂಗಳದಲ್ಲಿ ಬ್ಯಾಡ್ಮಿಂಟನ್, ಬೆಳಗಿನ ಹೊತ್ತು ಶಿಶುವಿಹಾರ. ಕಟ್ಟಡವೂ ಇದಕ್ಕೆ ತಕ್ಕ ಹಾಗೆ: ನಡುವೆ ಒಂದು ಹಾಲ್, ಸುತ್ತ ಜಗಲಿ, ತಲೆಮಟ್ಟಕ್ಕಿಂತ ಎತ್ತರದಲ್ಲಿ ಗಾಳಿಕಿಂಡಿ, ಅಡುಗೆಮನೆ ಬೇರೆ. ಹದಿನೈದು-ಹದಿನೆಂಟು ಅಂಗುಲ ದಪ್ಪದ ಇಟ್ಟಿಗೆ ಗೋಡೆ, ಮಣ್ಣಿನ ಅಥವಾ ಸುಣ್ಣದ ಗಾರೆ, ರೆಡ್ ಆಕ್ಸೈಡ್ ನೆಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚು ಮೇಲೆ. ದಿನಾ ಯಾರಾದರೂ ಬಂದು ಕಿಟಕಿ ತೆಗೆಯುತ್ತಾರೆ, ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿ ಸುಣ್ಣ ಬಳಿಯುತ್ತಾರೆ ಎಂಬ ಲೆಕ್ಕದ ಮೇಲೆ ನಿಂತ ಕಟ್ಟಡ ಇದು.

ಮೊದಲು ಸಡಿಲವಾದದ್ದು ಈ ದಿನನಿತ್ಯದ ಬಳಕೆ. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂದಾಗ ಇಂಥ ಸಂಸ್ಥೆಗಳ ಕೈಗೆ ಹೊಲಿಗೆ ತರಗತಿ, ಬಾಲವಾಡಿ ಎಂದು ಅನುದಾನ ಸಿಗುವ ದಾರಿ ತೆರೆಯಿತು. ಅದು ಕಾರ್ಯಕ್ರಮದ ಹಣ, ಗೋಡೆಯ ಹಣವಲ್ಲ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾಗಿ ಬೀದಿ ಬೀದಿಗೆ ಹರಡಿದ ಹಾಗೆ ಶಿಶುವಿಹಾರದ ಮಕ್ಕಳು ಕಡಿಮೆಯಾದರು. 2000ದಲ್ಲಿ ಬಂದ ಸ್ತ್ರೀಶಕ್ತಿ ಗುಂಪುಗಳಿಗೆ ಸಭೆ ನಡೆಸಲು ಸಮಾಜದ ಹಾಲ್ ಬೇಕಿರಲಿಲ್ಲ, ಯಾರದಾದರೂ ಮನೆ ಸಾಕಾಗಿತ್ತು. ಕಲ್ಯಾಣ ಮಂಡಳಿಯನ್ನೇ ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2022ರಲ್ಲಿ ಮಾಡಿತು. ಉಳಿದ ಆದಾಯ ಎಂದರೆ ಹಾಲ್ ಬಾಡಿಗೆ. ನಾಮಕರಣ, ಸೀಮಂತ, ನಿಶ್ಚಿತಾರ್ಥ. ಎರಡು ದಿನ ಗಿಜಿಗುಡುವ ಹಾಲ್ ಹತ್ತು ದಿನ ಬಾಗಿಲು ಹಾಕಿರುತ್ತದೆ. ತೇವ ಒಳಗೇ ಕೂರುತ್ತದೆ.

ಎರಡನೆಯ ಬದಲಾವಣೆ ಸಿಮೆಂಟಿನದು. 1982ರವರೆಗೆ ಸಿಮೆಂಟ್ ಸರ್ಕಾರದ ಹತೋಟಿಯಲ್ಲಿತ್ತು. ಪರ್ಮಿಟ್ ಇಲ್ಲದೆ ನಾಲ್ಕು ಚೀಲ ತರುವುದೂ ಕಷ್ಟ. ಹಾಗಾಗಿ ಸಣ್ಣಪುಟ್ಟ ರಿಪೇರಿಗೆ ಸುಣ್ಣವೇ ಗತಿಯಾಗಿತ್ತು. ಆ ವರ್ಷ ಹತೋಟಿ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಸಿಮೆಂಟ್ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಸುಣ್ಣ ಅರಳಿಸುವ ತೊಟ್ಟಿಗಳು ಒಣಗಿದವು, ಆ ಕೈಚಳಕವಿದ್ದ ಗಾರೆಯವರ ಮಕ್ಕಳು ಸಿಮೆಂಟ್ ಕೆಲಸ ಕಲಿತರು. ಹಳೇ ಗೋಡೆ ಉದುರಿದಲ್ಲೆಲ್ಲ ಸಿಮೆಂಟ್ ತೇಪೆ ಬಿತ್ತು.

ಆ ತೇಪೆ ಏನು ಮಾಡುತ್ತದೆ ಎಂಬುದನ್ನು ಸಮಿತಿಯ ಪ್ರತಿಯೊಬ್ಬರೂ ತಿಳಿದಿರಬೇಕು. ಹಳೇ ತಳಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಇಟ್ಟಿಗೆಯ ಮೂಲಕ ಮೇಲೇರುತ್ತದೆ. ಸುಣ್ಣದ ಗಿಲಾವು ಆ ನೀರನ್ನು ಆವಿಯಾಗಿ ಹೊರಗೆ ಬಿಡುತ್ತದೆ. ತೇವ ಅರ್ಧ ಅಡಿ, ಒಂದಡಿಗೆ ನಿಲ್ಲುತ್ತದೆ. ಸಿಮೆಂಟ್ ಗಿಲಾವು ಬಿಡುವುದಿಲ್ಲ. ನೀರು ದಾರಿ ಹುಡುಕಿಕೊಂಡು ಮೂರು-ನಾಲ್ಕು ಅಡಿ ಏರುತ್ತದೆ, ಜೊತೆಗೆ ಮಣ್ಣಿನ ಉಪ್ಪನ್ನೂ ಒಯ್ಯುತ್ತದೆ. ಗಿಲಾವಿನ ಹಿಂದೆ ನೀರು ಆರಿದಾಗ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ, ಗೋಡೆಗೆ ಸೌಳು ಹಿಡಿಯುತ್ತದೆ. ಸಿಮೆಂಟ್ ಹಲಗೆಯ ಹಾಗೆ ಕಳಚಿ ಬೀಳುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಮೇಲೆ ಆಯಿಲ್ ಪೇಂಟ್ ಇದ್ದರಂತೂ ಇನ್ನೂ ಬೇಗ. ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿದರೂ ಇದೇ ಪಾಡು: ನೆಲದಿಂದ ಆರುತ್ತಿದ್ದ ತೇವವೆಲ್ಲ ಗೋಡೆಯ ಕಡೆ ತಿರುಗುತ್ತದೆ.

ಸರಿಪಡಿಸುವುದು ಗೋಡೆಯಿಂದಲ್ಲ, ಅಂಗಳದಿಂದ. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೆದ್ದು, ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗಲಿಗೆ ಈಗ ಒಂದೇ ಮೆಟ್ಟಿಲು ಉಳಿದಿರುವುದು ಅಪರೂಪವಲ್ಲ. ಗೋಡೆಗೆ ತಾಗಿದ ಮಣ್ಣನ್ನು ಹಳೇ ತಳಪಾಯದ ಕಲ್ಲು ಕಾಣುವವರೆಗೆ ತೆಗೆಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಬೇಕು. ಗೋಡೆಯ ಬುಡದವರೆಗೂ ಕಾಂಕ್ರೀಟ್ ಹಾಕಿಸಿದ್ದರೆ ಒಂದೂವರೆ ಅಡಿ ಅಗಲ ಒಡೆಸಿ ಜಲ್ಲಿ ತುಂಬಿಸಿ. ಆಮೇಲೆ ಸಿಮೆಂಟ್ ಗಿಲಾವನ್ನು ಉಳಿ-ಸುತ್ತಿಗೆಯಲ್ಲಿ, ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ತೆಗೆಯಬೇಕು. ಬ್ರೇಕರ್ ಮಷಿನ್ ಬೇಡ; ಮಣ್ಣಿನ ಗಾರೆಯ ಗೋಡೆ ಅದರ ಅದುರಿಗೆ ಸಂದು ಬಿಡುತ್ತದೆ. ಫೆಬ್ರುವರಿಯಲ್ಲಿ ಬಿಚ್ಚಿದರೆ ಏಪ್ರಿಲ್‌ವರೆಗೆ ಗೋಡೆಯನ್ನು ಬರಿಮೈಯಲ್ಲಿ ಆರಲು ಬಿಟ್ಟು, ಮೇಲೆ ಬಂದ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಿರಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಗಿಲಾವಿಗೆ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ಕನಿಷ್ಠ 15 ದಿನ ನೀರಿನಡಿ ಇಡಬೇಕು. ಅರಳದ ಕಾಳು ಉಳಿದರೆ ಗೋಡೆಗೆ ಹೋದ ಮೇಲೆ ಅರಳಿ ಗುಳ್ಳೆ ಏಳುತ್ತದೆ. ಅರಳಿಸುವಾಗ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೇವ ಹೆಚ್ಚಿರುವ ಕೆಳಭಾಗದಲ್ಲಿ ಮರಳಿನ ಒಂದು ಪಾಲಿನ ಬದಲು ಸುರ್ಕಿ, ಅಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸುವುದು ಹಳೆಯ ಪದ್ಧತಿ. ತಿಳಿದ ಕೈ ಇದ್ದರೆ ಸರಿ, ಇಲ್ಲದಿದ್ದರೆ ಬಿಟ್ಟರೂ ನಡೆಯುತ್ತದೆ. ಗೋಡೆಯನ್ನು ನೆನೆಸಿ, ಒಂದೊಂದು ಪದರ 10-12 ಮಿಲಿಮೀಟರ್ ಮೀರದಂತೆ ಎರಡು ಸಲ ಹಚ್ಚಿ, ಒದ್ದೆ ಗೋಣಿತಾಟು ಕಟ್ಟಿ ವಾರ-ಹತ್ತು ದಿನ ನೆರಳಿನಲ್ಲಿ ಆರಿಸಬೇಕು. ಬಿಸಿಲಿಗೆ ಬಿಟ್ಟರೆ ಕೂದಲೆಳೆಯ ಬಿರುಕು ಖಂಡಿತ. ಬೇಗ ಗಟ್ಟಿಯಾಗಲಿ ಎಂದು ಗಾರೆಯವರು ಎರಡು ಬಾಂಡಲಿ ಸಿಮೆಂಟ್ ಬೆರೆಸುವುದುಂಟು. ಅಲ್ಲಿಗೆ ಎಲ್ಲ ವ್ಯರ್ಥ. ಸಮಿತಿಯ ಒಬ್ಬರು ಕಲಸುವ ಹೊತ್ತಿಗೆ ಎದುರಿಗಿದ್ದರೆ ಒಳ್ಳೆಯದು.

ಮಾಡಿನ, ಅಂದರೆ ಹೆಂಚಿನ ಚಾವಣಿಯ, ಕೆಲಸವನ್ನು ಮೃಗಶಿರ ಮಳೆಗೆ ಮೊದಲು ಮುಗಿಸಬೇಕು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಆಳುಗಳೆಲ್ಲ ಕಾಫಿ ಕುಯ್ಲಿನಲ್ಲಿರುತ್ತಾರೆ, ಹಾಗಾಗಿ ಏಪ್ರಿಲ್‌ಗೇ ಹೇಳಿಡಬೇಕು. ನೂರು ಚದರಡಿಗೆ ಸುಮಾರು 140 ಹೆಂಚು ಬೇಕಾಗುತ್ತದೆ. ಒಂದು ಕಾರ್ಖಾನೆಯ ಹೆಂಚಿನ ಕಚ್ಚಿಗೆ ಇನ್ನೊಂದರದ್ದು ಸರಿಯಾಗಿ ಕೂರುವುದಿಲ್ಲ. ಬೆರೆಸಿ ಹಾಕಿದ ಕಡೆಯೇ ಸೋರುವುದು. ಹಿಂಬದಿಯಲ್ಲಿ ಒತ್ತಿದ ಹೆಸರು ನೋಡಿ ಹಳೆಯವನ್ನೆಲ್ಲ ರಸ್ತೆ ಕಡೆಯ ಮಾಡಿಗೆ ಒಟ್ಟು ಮಾಡಿ, ಹೊಸದನ್ನು ಹಿಂದಿನ ಮಾಡಿಗೆ ಪೂರ್ತಿ ಹಾಕಿಸುವುದು ಜಾಣತನ. ಊರಿನಲ್ಲಿ ಹಳೇ ಮನೆ ಕೆಡವುವಾಗ ಅದೇ ಹೆಸರಿನ ಹೆಂಚು ಸಿಕ್ಕರೆ ನೂರಿನ್ನೂರು ಕೊಂಡಿಡಿ. ಕೋತಿ ಕಾಟ ಇರುವ ಊರಿನಲ್ಲಿ ಅವು ಎರಡೇ ವರ್ಷಕ್ಕೆ ಖರ್ಚಾಗುತ್ತವೆ.

ಹೆಂಚಿಗಿಂತ ಮುಖ್ಯ ಅದರಡಿಯ ಮರ. ಗೋಡೆಯ ತಲೆಯ ಮೇಲೆ ಮಲಗಿರುವ ತೊಲೆಯನ್ನೂ ಎರಡು ಮಾಡು ಕೂಡುವ ಕಡೆಯ ತಗಡಿನ ದೋಣಿಯನ್ನೂ ವರ್ಷಕ್ಕೊಮ್ಮೆ ನೋಡಲೇಬೇಕು. ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ತೊಲೆಗೆ ಇಳಿಯುತ್ತದೆ, ಒದ್ದೆ ತೊಲೆಗೆ ಗೆದ್ದಲು ಬರುತ್ತದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿದರೆ ಗಟ್ಟಿ ಮರ ತಡೆಯುತ್ತದೆ, ಟೊಳ್ಳಾದದ್ದು ಒಳಕ್ಕೆ ಬಿಡುತ್ತದೆ. ಹೊನ್ನೆ, ಮತ್ತಿಯ ಹಳೇ ಪಕಾಸಿನ (ಹೆಂಚಿನ ಭಾರ ಹೊರುವ ಇಳಿಜಾರು ಮರದ) ಜಾಗಕ್ಕೆ ತೋಟದ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆಂದು ಹಾಕುವುದುಂಟು. ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸದೆ ಹಾಕಿದರೆ ಅದು ಕೆಲವೇ ವರ್ಷಕ್ಕೆ ಗೆದ್ದಲಿನ ಪಾಲು. ನೆಲ-ಗೋಡೆಯ ಸಂದಿನಲ್ಲಿ ಅಡಿಗೊಂದು ತೂತು ಕೊರೆದು ಗೆದ್ದಲಿನ ಔಷಧಿ ಇಳಿಸುವ ಕೆಲಸವನ್ನು ಲೈಸೆನ್ಸ್ ಇದ್ದವರಿಗೇ ಕೊಡಿ, ಮಕ್ಕಳ ತರಗತಿಗೆ ರಜೆ ಇರುವಾಗ ಮಾತ್ರ.

ಬಾಡಿಗೆಯ ಹಾಲ್‌ಗೆ ವಿದ್ಯುತ್ತು ದೊಡ್ಡ ಅಪಾಯ. ಮರದ ಪಟ್ಟಿಯೊಳಗಿನ ಹಳೇ ವೈರಿಂಗ್ ನಾಲ್ಕು ಬಲ್ಬು, ಎರಡು ಫ್ಯಾನಿಗೆಂದು ಮಾಡಿದ್ದು. ಅದಕ್ಕೆ ಗ್ರೈಂಡರ್, ಸೌಂಡ್ ಬಾಕ್ಸ್, ಸೀರಿಯಲ್ ಸೆಟ್ ಸಿಕ್ಕಿಸುತ್ತಾರೆ. ಅಡುಗೆಮನೆಗೆ ಬೇರೆ ಲೈನ್, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್ ಇಲ್ಲದೆ ಹಾಲ್ ಬಾಡಿಗೆಗೆ ಕೊಡಬಾರದು.

ಇನ್ನು ಕಾಗದ. ಇಂದಿನ ಸಂಘಗಳಿಗೆ ಅನ್ವಯವಾಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಮೂರ್ನಾಲ್ಕು ವರ್ಷ ಬಿಟ್ಟರೆ ಬ್ಯಾಂಕಿನಲ್ಲಿ ಸಹಿ ಬದಲಾಗುವುದಿಲ್ಲ, ಜಾಗದ ಖಾತೆಗೂ ಗುತ್ತಿಗೆ ನವೀಕರಣಕ್ಕೂ ಅರ್ಜಿ ಹಾಕುವ ಅಧಿಕಾರ ಯಾರಿಗಿದೆ ಎಂದು ತೋರಿಸಲಾಗುವುದಿಲ್ಲ. ಹಣವಿದ್ದೂ ಹೆಂಚು ಬದಲಾಯಿಸಲಾಗದ ಸ್ಥಿತಿ ಬರುವುದು ಹೀಗೆ. ಸದಸ್ಯರಲ್ಲದವರಿಂದ ಬಂದ ಹಾಲ್ ಬಾಡಿಗೆಯ ಲೆಕ್ಕವನ್ನು ಸದಸ್ಯರ ಚಂದಾದಿಂದ ಬೇರೆ ಇಡಬೇಕು, ತೆರಿಗೆಯ ದೃಷ್ಟಿಯಿಂದ ಎರಡೂ ಒಂದಲ್ಲ.

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದೇ ಜಿಲ್ಲೆಯ ಎಂಬತ್ತು-ತೊಂಬತ್ತು ವರ್ಷದ ಹೆಂಗಸರ ಸಮಾಜಕ್ಕೆ ಅಂಥ ರಕ್ಷಣೆ ಇಲ್ಲ. ಸಮಿತಿಯ ಒಂದು ಠರಾವು ಸಾಕು ಕೆಡವಲು. ಆ ಠರಾವಿಗೆ ಮೊದಲು ಎರಡು ಕೆಲಸ ಮಾಡಿ. ಜಾಗ ಮಂಜೂರಾದ ಮೂಲ ಆದೇಶದ ದೃಢೀಕೃತ ನಕಲು ತೆಗೆಸಿ, ಯಾವ ಉದ್ದೇಶಕ್ಕೆಂದು ಕೊಟ್ಟದ್ದು, ಕಟ್ಟಡ ತೆಗೆದರೆ ಷರತ್ತು ಮುರಿದಂತಾಗುತ್ತದೆಯೇ ಎಂದು ವಕೀಲರಿಗೆ ತೋರಿಸಿ. ಹಾಗೆಯೇ ಈಗಿನ ನಿಯಮದಂತೆ ಸುತ್ತ ಬಿಡಬೇಕಾದ ಜಾಗ, ಪಾರ್ಕಿಂಗ್ ಎಲ್ಲ ಕಳೆದು ಹೊಸ ಕಟ್ಟಡ ಎಷ್ಟು ಅಗಲ ಬರುತ್ತದೆ ಎಂದು ನಕ್ಷೆ ಬರೆಸಿ ನೋಡಿ. ಬೇಲಿಯ ಹತ್ತಿರದವರೆಗೆ ಜಗಲಿ ಚಾಚಿಕೊಂಡ ಹಳೇ ನಿವೇಶನಗಳಲ್ಲಿ, ಹೊಸ ಹಾಲ್ ಈಗಿರುವುದಕ್ಕಿಂತ ಚಿಕ್ಕದಾಗುವ ಸಾಧ್ಯತೆಯೇ ಹೆಚ್ಚು.