ಕರ್ಪೂರದ ರೀಲು, ಕ್ಲಿಯೋಪಾತ್ರಳ ಬೂದಿ

ಚಿಕ್ಕೋರಿದ್ದಾಗ ಒಡೆದೋದ ಟೇಬಲ್ ಟೆನಿಸ್ ಬಾಲ್‌ಗೆ ಬೆಂಕಿಕಡ್ಡಿ ಗೀರಿ ಇಟ್ಟಿದ್ವಿ, ಬುಸ್ ಅಂತ ಒಂದೇ ಉರಿ, ಕಣ್ಮುಚ್ಚಿ ತೆಗೆಯೋದ್ರಲ್ಲಿ ಬಾಲೇ ಇಲ್ಲ, ಬರೀ ಕರ್ಪೂರದ ವಾಸನೆ. ಆಗಿನ ಬಾಲ್ ಸೆಲ್ಯುಲಾಯ್ಡ್‌ದು, ಅಂದ್ರೆ ನೈಟ್ರೋಸೆಲ್ಯುಲೋಸ್‌ಗೆ (ಹತ್ತಿಯಂಥ ನಾರನ್ನ ನೈಟ್ರಿಕ್ ಆಸಿಡ್‌ನಲ್ಲಿ ಹದ ಮಾಡಿ ಪಡೆಯೋ ವಸ್ತು) ಕರ್ಪೂರ ಬೆರೆಸಿ ಮಾಡಿದ್ದು. ಮೂಕಿ ಸಿನಿಮಾ ಕಾಲದ ರೀಲೂ ಇದೇ ಜಾತಿದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ಆ ಕಾಲದ ನಟಿ ಥೀಡಾ ಬಾರಾ ಬಗ್ಗೆ ಓದ್ವಾಗ.

ಈಕೆ 1885ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಹುಟ್ಟಿದೋಳು, ಟೈಲರ್ ಮಗಳು, ಹೆಸರು ಥಿಯೊಡೋಸಿಯಾ ಗುಡ್‌ಮನ್. ಫಾಕ್ಸ್ ಸಿನಿಮಾ ಕಂಪನಿಯ ಪ್ರಚಾರದೋರು ಮಾತ್ರ ಸಹಾರಾ ಮರಳುಗಾಡಲ್ಲಿ ಹುಟ್ಟಿದ ನಿಗೂಢ ಹೆಣ್ಣು ಅಂತ ರೈಲು ಬಿಟ್ರು, ಜನಾನೂ ಹತ್ಕೊಂಡ್ರು! 1915ರಿಂದ ಗಂಡಸರನ್ನ ಹಾಳು ಮಾಡೋ ಪಾತ್ರಗಳಲ್ಲಿ ಎಷ್ಟು ಮಿಂಚಿದ್ಲು ಅಂದ್ರೆ 'ವ್ಯಾಂಪ್' ಅನ್ನೋ ಪದ ಮನೆಮಾತಾಯ್ತು. 1917ರಲ್ಲಿ ಕ್ಲಿಯೋಪಾತ್ರ ಆದ್ಲು. ಒಟ್ಟು ಸುಮಾರು 40 ಸಿನಿಮಾ, ಈಗ ಪೂರ್ತಿ ಉಳಿದಿರೋದು ಬೆರಳೆಣಿಕೆಯಷ್ಟು.

ಕಾರಣ ಆ ರೀಲೇ. ನೈಟ್ರೋಸೆಲ್ಯುಲೋಸ್ ಅಣುವಿನೊಳಗೇ ಆಕ್ಸಿಜನ್ ಇರುತ್ತೆ, ಹೊರಗಿನ ಗಾಳಿ ಬೇಕಾಗಿಲ್ಲ, ಹಾಗಾಗಿ ಒಂದ್ಸಲ ಹತ್ತಿಕೊಂಡ್ರೆ ನೀರಲ್ಲಿ ಮುಳುಗಿಸಿದ್ರೂ ಉರೀತಾನೇ ಇರುತ್ತೆ. ಬೆಂಕಿ ಇಲ್ದಿದ್ರೂ ಅದು ಸುಮ್ನೆ ಕೂರೋ ವಸ್ತು ಅಲ್ಲ. ನಿಧಾನಕ್ಕೆ ಒಡೀತಾ ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತೆ, ಅದು ತೇವದ ಜೊತೆ ಸೇರಿ ಆಸಿಡ್ ಆಗುತ್ತೆ, ಆ ಆಸಿಡ್ ರೀಲನ್ನ ಇನ್ನೂ ಬೇಗ ಒಡೆಯುತ್ತೆ, ಮತ್ತಷ್ಟು ಅನಿಲ, ಮತ್ತಷ್ಟು ಆಸಿಡ್. ಮೊದ್ಲು ಚಿತ್ರ ಮಾಸುತ್ತೆ, ಆಮೇಲೆ ಅಂಟಂಟು, ಕೊನೆಗೆ ಡಬ್ಬಿ ತೆಗೆದ್ರೆ ಕಂದು ಪುಡಿ. ಹೀಗೆ ಕೆಟ್ಟ ರೀಲಿಗೆ ಕಡ್ಡಿ ಗೀರೋದೇ ಬೇಡ, 40 ಡಿಗ್ರಿ ಆಸುಪಾಸಿನ ಸೆಕೆ ದಿನಗಟ್ಲೆ ತಗುಲಿದ್ರೂ ಸಾಕು.

1937ರ ಜುಲೈ 9ರಂದು ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿ ಆಗಿದ್ದು ಅದೇ. ಫಾಕ್ಸ್‌ನ ರೀಲು ಗೋದಾಮು, ಗಾಳಿ ಆಡೋಕೆ ಸರಿಯಾದ ದಾರಿ ಇಲ್ಲ, ಹೊರಗೆ ಸುಡುಬಿಸಿಲಿನ ದಿನಗಳು, ರಾತ್ರೋರಾತ್ರಿ ಹೊತ್ಕೊಂಡು 40,000ಕ್ಕೂ ಹೆಚ್ಚು ರೀಲು ಹೋಯ್ತು, ಥೀಡಾಳ ಸಿನಿಮಾಗಳೂ ಅದ್ರಲ್ಲೇ. ಅಕ್ಕಪಕ್ಕದ ಮನೆಗಳಿಗೂ ಜ್ವಾಲೆ ನುಗ್ಗಿ ಒಬ್ಬ ಹುಡುಗ ತೀರ್ಕೊಂಡ. ಆಮೇಲೆ ಉಳಿದ ಕರಕಲನ್ನೂ ಬಿಡ್ಲಿಲ್ಲ, ರೀಲಿನ ಮೇಲೆ ಚಿತ್ರ ಮೂಡೋದು ಬೆಳ್ಳಿಯಿಂದಲ್ವಾ, ಆ ಬೆಳ್ಳಿಗೋಸ್ಕರ ಲಾರಿಗೆ ತುಂಬ್ಕೊಂಡು ಹೋದ್ರು.

ಆಗ ಥೀಡಾಗೆ 51 ವರ್ಷ, ನಟನೆ ಬಿಟ್ಟು ಹತ್ತು ವರ್ಷ ದಾಟಿತ್ತು. ಹಾವಿನ ಆಕಾರದ ಎದೆಗವಚ ತೊಟ್ಟು ನಮ್ಮನ್ನೇ ದುರುಗುಟ್ಟೋ ಕ್ಲಿಯೋಪಾತ್ರಳ ಸ್ಟಿಲ್ ಫೋಟೋಗಳು ಬೇಕಾದಷ್ಟು ಸಿಗುತ್ವೆ, ಅವು ಕಾಗದದ ಮೇಲಿದ್ವು, ಉಳ್ಕೊಂಡ್ವು. ಆ ಸಿನಿಮಾದಲ್ಲಿ ಆಕೆ ಅಲ್ಲಾಡೋದು ನೋಡ್ಬೇಕಂದ್ರೆ ಇರೋದು ತೀರಾ ಚಿಕ್ಕ ತುಣುಕುಗಳಷ್ಟೇ.