ಅಮೃತಬಳ್ಳಿಯ ಕಂದು ಪುಡಿ ಮತ್ತು ಕ್ಯಾನ್ಸರ್ ಕೋಶ

ಹಾಸನದಲ್ಲಿ ಔಷಧೀಯ ಸಸ್ಯಗಳ ರಸಾಯನಶಾಸ್ತ್ರವನ್ನು ಬೋಧಿಸುವ ನನ್ನ ಬಳಿಗೆ ಪ್ರತಿವರ್ಷವೂ ಪ್ರಾಜೆಕ್ಟ್ ವಿದ್ಯಾರ್ಥಿಗಳು ಕಂದು ಪುಡಿಯ ಸೀಸೆಯನ್ನು ಹಿಡಿದು ಬಂದು, ಅಮೃತಬಳ್ಳಿಯ ಪಾಲಿಸ್ಯಾಕರೈಡ್ (ಸಕ್ಕರೆ ಅಣುಗಳ ಉದ್ದ ಸರಪಳಿ) ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂದು ಸಂಭ್ರಮಿಸುತ್ತಾರೆ. ಅವರ ಉತ್ಸಾಹ ನನಗೆ ಪ್ರಿಯವಾದುದೇ. ಆದರೆ ಚೆನ್ನಾಗಿ ಶುದ್ಧೀಕರಿಸಿದ ಪಾಲಿಸ್ಯಾಕರೈಡ್ ಸಾಮಾನ್ಯವಾಗಿ ಬಿಳಿಯಾಗಿ ಅಥವಾ ಮಾಸಲು ಬಿಳಿಯಾಗಿ ಇರುತ್ತದೆ. ಬಿಸಿನೀರಿನ ಸಾರಕ್ಕೆ ಎಥನಾಲ್ ಸುರಿದಾಗ ತಳಕ್ಕಿಳಿಯುವ ಮಡ್ಡಿಯಲ್ಲಿ ಪ್ರೋಟೀನು, ಟ್ಯಾನಿನ್ ಎಂಬ ಒಗರು ವಸ್ತುಗಳೂ ಸೇರಿರುತ್ತವೆ. ಕೋಶವನ್ನು ಕೊಂದದ್ದು ಅವುಗಳಲ್ಲಿ ಯಾವುದೆಂದು ಆ ಪುಡಿಯಿಂದ ಹೇಳಲಾಗದು. ಬದುಕಿರುವ ಕೋಶಗಳು ಹಳದಿ ಬಣ್ಣದ್ರವ್ಯವೊಂದನ್ನು ನೇರಳೆಯಾಗಿಸುವುದನ್ನು ಅಳೆಯುವ ಎಂಟಿಟಿ ಪರೀಕ್ಷೆಯಂತೂ ಇನ್ನೊಂದು ದಾರಿಯಲ್ಲಿ ಮೋಸಮಾಡಬಲ್ಲದು: ಸಸ್ಯದ ಫೀನಾಲುಗಳು (ಟ್ಯಾನಿನ್‌ನಂತಹ ವಸ್ತುಗಳು) ಕೋಶಗಳ ನೆರವಿಲ್ಲದೆಯೇ ಆ ಬಣ್ಣದ್ರವ್ಯವನ್ನು ನೇರಳೆಯಾಗಿಸಿದರೆ, ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ. ಆದ್ದರಿಂದ ಪರೀಕ್ಷಾ ತಟ್ಟೆಯಲ್ಲಿ ಕೋಶಗಳಿಲ್ಲದ ಗುಳಿಗೂ ಸಾರವನ್ನು ಹಾಕಿ ನೋಡಬೇಕು, ಪಕ್ಕದಲ್ಲಿ ಆರೋಗ್ಯವಂತ ಕೋಶಗಳ ಸಾಲನ್ನೂ ಇಡಬೇಕು.

ಪ್ರಮಾಣವನ್ನು ಯಾರೂ ಲೆಕ್ಕ ಹಾಕುವುದಿಲ್ಲವೆಂಬುದೇ ನನ್ನ ದೊಡ್ಡ ಅಸಮಾಧಾನ. ತಟ್ಟೆಯ ಕೋಶಗಳಿಗೆ ಹಾಕಿದ ಸಾಂದ್ರತೆ, ಉದಾಹರಣೆಗೆ, ಒಂದು ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದರೆ ಒಂದು ಲೀಟರಿಗೆ 1 ಗ್ರಾಂ. ವಯಸ್ಕರ ಸುಮಾರು 5 ಲೀಟರ್ ರಕ್ತದಲ್ಲಿ ಅದೇ ಸಾಂದ್ರತೆ ಇರಬೇಕಾದರೆ 5 ಗ್ರಾಂ ಪಾಲಿಸ್ಯಾಕರೈಡ್ ಒಡೆಯದೆ ರಕ್ತದಲ್ಲೇ ಉಳಿಯಬೇಕು. ಬಾಯಿಂದ ಸೇವಿಸಿದ ಇಷ್ಟು ದೊಡ್ಡ ಅಣುಗಳು ಕರುಳನ್ನು ದಾಟಿ ಹಾಗೆಯೇ ರಕ್ತ ಸೇರುವುದು ಅತ್ಯಲ್ಪ.

ಹಾಗೆಂದು ಈ ಸಂಶೋಧನೆ ನಿರರ್ಥಕವೆಂದು ನಾನು ಹೇಳಲಾರೆ. ಶಿಟಾಕೆ ಅಣಬೆಯ ಲೆಂಟಿನಾನ್ ಎಂಬ ಪಾಲಿಸ್ಯಾಕರೈಡ್ ಜಪಾನಿನಲ್ಲಿ 1985ರಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಪೂರಕ ಔಷಧವಾಗಿ ಅನುಮೋದನೆ ಪಡೆಯಿತು. ಆದರೆ ಅದನ್ನು ಕೊಡುವುದು ಚುಚ್ಚುಮದ್ದಿನ ಮೂಲಕ, ಕೀಮೋದ ಜೊತೆಯಲ್ಲಿ. ಅದು ಕೆಲಸ ಮಾಡುವುದೂ ಮುಖ್ಯವಾಗಿ ರೋಗನಿರೋಧಕ ಕೋಶಗಳನ್ನು ಚುರುಕುಗೊಳಿಸಿ. ಹೀಲಾ ಕೋಶಗಳು ಮಾತ್ರ ಇರುವ ತಟ್ಟೆಯಲ್ಲಿ ಅಂತಹ ಒಳ್ಳೆಯ ವಸ್ತುವೂ ನಿಷ್ಪ್ರಯೋಜಕವೆಂದು ಕಾಣಬಹುದು.

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಹಿರಿಯ ಬೆಳೆಗಾರರೊಬ್ಬರು ಇಂತಹ ಫಲಿತಾಂಶದ ಸುದ್ದಿಯನ್ನು ಓದಿ, ತೋಟದ ಬಳ್ಳಿಯನ್ನು ಚೀಲದಲ್ಲಿ ತುಂಬಿಕೊಂಡು ಬಂದಿದ್ದರು. "ಮೇಷ್ಟ್ರೇ, ಬೇಲಿಯಲ್ಲೇ ಮದ್ದಿರುವಾಗ ಮನೆಯವರಿಗೆ ಕೀಮೋ ಏಕೆ ಕೊಡಿಸಬೇಕು?" ಎಂದು ಕೇಳಿದರು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾಗಿದೆಯೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದನ್ನೂ, ಆಯುಷ್ ಸಚಿವಾಲಯ ಅದನ್ನು ಒಪ್ಪದಿದ್ದುದನ್ನೂ ಅವರಿಗೆ ತಿಳಿಸಿದೆ. ಕೀಮೋ ನಿಲ್ಲಿಸಬೇಡಿ, ಕಷಾಯ ಕೊಡುವ ಮುನ್ನ ಚಿಕಿತ್ಸೆ ನೀಡುವ ವೈದ್ಯರನ್ನು ಕೇಳಿ ಎಂದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಮುಂದಿನ ಕೀಮೋದ ದಿನಾಂಕ ಬರೆದಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ನನಗೆ ತೋರಿಸಿದರು.