ಪದ ಪರಿಚಯ: ನೇಟಿವ್ ಆ್ಯಪ್, ವೆಬ್ ಆ್ಯಪ್

ಆಂಡ್ರಾಯ್ಡ್‌ಗೆ ಕಾಟ್ಲಿನ್ ಇಲ್ಲವೇ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಐಫೋನ್‌ಗೆ ಸ್ವಿಫ್ಟ್‌ನಲ್ಲಿ, ಹೀಗೆ ಆಯಾ ಫೋನಿಗೆಂದೇ ಬರೆದು ಸ್ಟೋರ್ ಮೂಲಕ ಇನ್‌ಸ್ಟಾಲ್ ಮಾಡಿಸುವುದು ನೇಟಿವ್ ಆ್ಯಪ್. ಬ್ರೌಸರ್‌ನಲ್ಲೇ ಓಡುವುದು ವೆಬ್ ಆ್ಯಪ್. ಒಂದೇ ಸಲ ಬರೆದರೆ ಎರಡೂ ಕಡೆ ತೆರೆಯುತ್ತದೆ, ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೂ ಆಯಿತು.

2007ರಲ್ಲಿ ಐಫೋನ್ ಬಂದಾಗ ಹೊರಗಿನ ಡೆವಲಪರ್‌ಗಳಿಗೆ ಸ್ಟೀವ್ ಜಾಬ್ಸ್ ತೋರಿಸಿದ್ದು ವೆಬ್ ಆ್ಯಪ್ ದಾರಿಯನ್ನೇ. ಆ್ಯಪ್ ಸ್ಟೋರ್ ತೆರೆದದ್ದು ಮರುವರ್ಷ. 2012ರಲ್ಲಿ ಫೇಸ್‌ಬುಕ್ ತನ್ನ ಐಫೋನ್ ಆ್ಯಪನ್ನು ನೇಟಿವ್ ಆಗಿ ಹೊಸದಾಗಿ ಬರೆಸಿತು. ವೆಬ್ ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್5 ಅನ್ನು ಅತಿಯಾಗಿ ನೆಚ್ಚಿಕೊಂಡದ್ದು ತಪ್ಪಾಯಿತೆಂದು ಜುಕರ್‌ಬರ್ಗ್ ಒಪ್ಪಿಕೊಂಡರು.

ಬೆಂಗಳೂರಿನಲ್ಲಿ ಆದದ್ದು ಉಲ್ಟಾ. 2015ರಲ್ಲಿ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿ, ಬೇಕಿದ್ದರೆ ಆ್ಯಪ್ ಹಾಕಿಕೊಳ್ಳಿ ಅಂದಿತು. ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ಸೈಟ್ ನಿಲ್ಲಿಸಿತ್ತು. ಆದರೆ ಜಾಗ ಸಾಲದ ಫೋನು, ತೆವಳುವ 2ಜಿ ಇಟ್ಟುಕೊಂಡವರು ಎಷ್ಟು ಆ್ಯಪ್ ಇಳಿಸಿಕೊಂಡಾರು? ಅದೇ ವರ್ಷದ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಬಂತು, ಬ್ರೌಸರ್‌ನಲ್ಲೇ. ಮಿಂತ್ರಾ ಸೈಟ್ 2016ರಲ್ಲಿ ಮರಳಿತು.

ಫ್ಲಿಪ್‌ಕಾರ್ಟ್ ಲೈಟ್ ಮಾದರಿಯ ಹೆಸರು ಪ್ರೊಗ್ರೆಸಿವ್ ವೆಬ್ ಆ್ಯಪ್. ಇದರ ಜೀವಾಳ ಸರ್ವಿಸ್ ವರ್ಕರ್ ಎಂಬ ಪುಟ್ಟ ಸ್ಕ್ರಿಪ್ಟ್. ಮೊದಲ ಭೇಟಿಯಲ್ಲೇ ಅದು ಬ್ರೌಸರ್‌ನೊಳಗೆ ಠಿಕಾಣಿ ಹೂಡಿ, ಪುಟದ ಚೌಕಟ್ಟು, ಚಿತ್ರ, ಅಕ್ಷರಗಳನ್ನು ಕ್ಯಾಶೆಯಲ್ಲಿ, ಅಂದರೆ ಫೋನಿನಲ್ಲೇ ಇರುವ ಬ್ರೌಸರ್‌ನ ಉಗ್ರಾಣದಲ್ಲಿ, ತುಂಬಿಡುತ್ತದೆ. ಮುಂದಿನ ಸಲ ಪುಟ ಕೇಳಿದಾಗ ಸರ್ವರ್‌ವರೆಗೆ ಹೋಗದೆ ಅಲ್ಲಿಂದಲೇ ಎತ್ತಿಕೊಡುತ್ತದೆ. ನೆಟ್‌ವರ್ಕ್ ಸತ್ತಿದ್ದರೂ ಬಿಳಿ ಪರದೆ ಕಾಣಿಸುವುದಿಲ್ಲ. ಹೋಮ್ ಸ್ಕ್ರೀನ್‌ಗೆ ಐಕಾನನ್ನೂ ಹಾಕಿಕೊಳ್ಳಬಹುದು.

ಹಾಗಾದರೆ ಆರಿಸುವುದು ಹೇಗೆ? ಬಿಲ್ ಕಟ್ಟುವುದು, ಅರ್ಜಿ ತುಂಬುವುದು ಮುಂತಾಗಿ ವರ್ಷಕ್ಕೆ ಮೂರ್ನಾಲ್ಕು ಸಲದ ಕೆಲಸಕ್ಕೆ ಆ್ಯಪ್ ಇಳಿಸಿಕೊಳ್ಳಿ ಎನ್ನುವುದು ನನ್ನ ಮಟ್ಟಿಗೆ ದಬ್ಬಾಳಿಕೆಯೇ. ಅದಕ್ಕೆ ವೆಬ್ ಧಾರಾಳ ಸಾಕು. ಕ್ಯಾಬ್ ಚಾಲಕರ ಆ್ಯಪ್‌ನ ಮಾತು ಬೇರೆ: ಪರದೆ ಆರಿದ ಮೇಲೂ ಗಾಡಿ ಎಲ್ಲಿದೆಯೆಂದು ತಿಳಿಸುತ್ತಲೇ ಇರಬೇಕು, ಅದು ಬ್ರೌಸರ್‌ನ ಕೈಲಾಗದು. ಭಾರೀ ಗೇಮ್‌ಗಳಿಗೂ ನೇಟಿವ್ ದಾರಿಯೇ ಸರಿ. ಬ್ಲೂಟೂತ್ ಉಪಕರಣ ಜೋಡಿಸುವ ಕೆಲಸವನ್ನು ಆಂಡ್ರಾಯ್ಡ್‌ನ ಕ್ರೋಮ್ ಮಾಡೀತು, ಐಫೋನ್‌ನ ಸಫಾರಿ ಒಲ್ಲೆ ಎನ್ನುತ್ತದೆ.

ದುಡ್ಡಿನ ಲೆಕ್ಕವೂ ಇದೆ. ಡೆವಲಪರ್ ಖಾತೆಗೆ ಗೂಗಲ್ ಒಂದೇ ಸಲ 25 ಡಾಲರ್ ತೆಗೆದುಕೊಂಡರೆ, ಆಪಲ್ ವರ್ಷವರ್ಷವೂ 99 ಡಾಲರ್ ಕೇಳುತ್ತದೆ. ವೆಬ್‌ಗೆ ಆ ಖರ್ಚಿಲ್ಲ. ಆದರೆ ನೋಟಿಫಿಕೇಶನ್ ನೆಚ್ಚಿಕೊಂಡ ವ್ಯವಹಾರವಾದರೆ ಒಂದು ಮಾತು ಗಮನದಲ್ಲಿರಲಿ: ಐಫೋನ್‌ನಲ್ಲಿ ವೆಬ್ ಆ್ಯಪ್‌ಗೆ ಆ ಸೌಲಭ್ಯ ಸಿಕ್ಕಿದ್ದು 2023ರಲ್ಲಿ, ಐಓಎಸ್ 16.4ರಿಂದ, ಅದೂ ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡವರಿಗೆ ಮಾತ್ರ.